‘ಮೆಂಟಲ್ ಕೇಸ್’ ಅಂತ ಕರೆ ಬಂದಾಗ ಆಂಬುಲೆನ್ಸ್ ನರ್ಸ್ ಏನು ಮಾಡಬೇಕು? ಮಾತು, ಕಟ್ಟುವುದು, ಇಂಜೆಕ್ಷನ್, ಸಾಗಣೆ

ಸ್ಟ್ರೆಚರ್_ಪಕ್ಕ

ಆಂಬುಲೆನ್ಸ್ ಡ್ಯೂಟಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ಒಂದು ಟಿಪ್ಪಣಿ ಬರೆಯಲು ಕೂತಿದ್ದೇನೆ. ಎದೆನೋವು, ಅಪಘಾತ, ಹೆರಿಗೆ ಇವಕ್ಕೆಲ್ಲ ಇದಾದ ಮೇಲೆ ಇದು ಅಂತ ಬರೆಯಬಹುದು. ಮಾನಸಿಕ ಕಾಯಿಲೆ ಇರುವವರ ವಿಷಯಕ್ಕೆ ಬಂದ ಕೂಡಲೇ ಕೈಪಿಡಿಗಳೆಲ್ಲ ‘ಶಾಂತವಾಗಿ ಮಾತನಾಡಿಸಿ, ನಿಮ್ಮ ಸುರಕ್ಷತೆ ನೋಡಿಕೊಳ್ಳಿ’ ಅಂದು ಮುಂದಿನ ಪುಟಕ್ಕೆ ಹೋಗಿಬಿಡುತ್ತವೆ. ಶಾಂತವಾಗಿ ಅಂದರೆ ಎಷ್ಟು ದೂರ ನಿಂತು, ಯಾರು, ಯಾವ ಮಾತಿನಿಂದ ಶುರು ಮಾಡಿ?

ನನಗೆ ಬೇಕಿರುವುದು ಇಷ್ಟು. ಮೈ ಮುಟ್ಟಲೂ ಬಿಡದ ರೋಗಿಯಲ್ಲಿ ಏನೇನು ನೋಡಿಕೊಳ್ಳಬಹುದು? ಕಟ್ಟಲೇಬೇಕಾದ ಹಂತ ಯಾವುದು, ಕಟ್ಟುವುದು ಹೇಗೆ? ಯಾವ ಇಂಜೆಕ್ಷನ್, ಎಷ್ಟು, ಕೊಟ್ಟ ಮೇಲೆ ಏನನ್ನು ನೋಡುತ್ತಿರಬೇಕು? ಗಾಡಿಯೊಳಗೆ ಯಾರು ಎಲ್ಲಿ ಕೂರಬೇಕು? ‘ನಿಮ್ಮ ಪ್ರೋಟೋಕಾಲ್ ನೋಡಿ’ ಅನ್ನುವ ಉತ್ತರ ದಯವಿಟ್ಟು ಬೇಡ. ಪ್ರೋಟೋಕಾಲ್ ಇದೆ, ಅದರ ಹಿಂದಿನ ಕಾರಣ ಬೇಕು.

ಸಕ್ಕರೆ_ಮೊದಲು

‘ಮೆಂಟಲ್ ಕೇಸ್’ ಅನ್ನುವುದು ಕರೆ ಮಾಡಿದವರ ಊಹೆ ಅಷ್ಟೇ. ಟಿಪ್ಪಣಿಯ ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಡಿ. ಕೂಗಾಡುವ, ಅಸಂಬದ್ಧವಾಗಿ ಮಾತಾಡುವ, ಬಟ್ಟೆ ಕಿತ್ತೆಸೆಯುವ ವ್ಯಕ್ತಿಯ ಶುಗರ್ 40 ಮಿ.ಗ್ರಾಂ./ಡೆ.ಲೀ. ಇರಬಹುದು, ಆಕ್ಸಿಜನ್ 80% ಇರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಈಗಷ್ಟೇ ಫಿಟ್ಸ್ ಬಂದು ನಿಂತಿರಬಹುದು.

ಬೆರಳು ಚುಚ್ಚಲು ಬಿಟ್ಟರೆ ಮೊದಲು ಗ್ಲುಕೋಮೀಟರ್. 70ರ ಕೆಳಗಿದ್ದರೆ ಚಿಕಿತ್ಸೆ ಶುರು. 54ರ ಕೆಳಗೆ ಇಳಿದರೆ ಮಿದುಳಿಗೆ ಗ್ಲುಕೋಸ್ ಸಾಲದೆ ನಡವಳಿಕೆಯೇ ಬದಲಾಗುತ್ತದೆ. ನುಂಗಬಲ್ಲವರಿಗೆ ಬಾಯಲ್ಲಿ 15ರಿಂದ 20 ಗ್ರಾಂ ಗ್ಲುಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡಿ. ನುಂಗಲಾಗದಿದ್ದರೆ ರಕ್ತನಾಳದ ಮೂಲಕ (ಐವಿ) 25 ಗ್ರಾಂ, ಅಂದರೆ 25% ಡೆಕ್ಸ್‌ಟ್ರೋಸ್ 100 ಮಿ.ಲೀ. ಅಥವಾ 10% ಆದರೆ 250 ಮಿ.ಲೀ. ಒದ್ದಾಡುವವರಿಗೆ 10% ವಾಸಿ. ಸೂಜಿ ಜಾರಿ ದ್ರಾವಣ ಚರ್ಮದಡಿ ಸೇರಿದರೆ, ಗಟ್ಟಿ ಡೆಕ್ಸ್‌ಟ್ರೋಸ್ ಅಲ್ಲಿನ ಮಾಂಸವನ್ನೇ ಸುಟ್ಟಂತೆ ಮಾಡುತ್ತದೆ. ರಕ್ತನಾಳ ಸಿಗದಿದ್ದರೆ ಗ್ಲುಕಗಾನ್ (ಯಕೃತ್ತಿನ ದಾಸ್ತಾನಿನಿಂದ ಗ್ಲುಕೋಸ್ ಬಿಡಿಸುವ ಹಾರ್ಮೋನ್) 1 ಮಿ.ಗ್ರಾಂ. ಸ್ನಾಯುವಿಗೆ. ಆದರೆ ದಿನಗಟ್ಟಲೆ ಊಟ ಬಿಟ್ಟವರಲ್ಲಿ, ಬಹಳ ಕುಡಿಯುವವರಲ್ಲಿ ಯಕೃತ್ತಿನಲ್ಲಿ ದಾಸ್ತಾನೇ ಇರುವುದಿಲ್ಲವಾದ್ದರಿಂದ ಅದು ಕೈಕೊಡಬಹುದು. ಕುಡಿತದ ಚರಿತ್ರೆ ಇದ್ದರೆ ಥಯಮಿನ್ (ವಿಟಮಿನ್ ಬಿ1) 100 ಮಿ.ಗ್ರಾಂ. ಜೊತೆಗೆ ಕೊಡಿ, ಥಯಮಿನ್ ಕೈಗೆ ಸಿಗಲಿಲ್ಲ ಅಂತ ಗ್ಲುಕೋಸ್ ತಡ ಮಾಡಬೇಡಿ.

ಮುಟ್ಟಲು ಬಿಡದಿದ್ದರೆ ಕಣ್ಣು, ಕಿವಿ, ಮೂಗು ಇವೆಯಲ್ಲ. ಬಾಗಿಲಲ್ಲಿ ನಿಂತೇ 30 ಸೆಕೆಂಡ್ ಉಸಿರು ಎಣಿಸಿ ಎರಡರಿಂದ ಗುಣಿಸಿ. ಬೆವರು, ತುಟಿಯ ಬಣ್ಣ, ಕಣ್ಣಿನ ಪಾಪೆಯ ಗಾತ್ರ, ತೊದಲು, ಒಂದು ಕಡೆ ಜೋತ ಮುಖ, ತೂರಾಡುವ ನಡಿಗೆ ನೋಡಿ. ನಾಲಿಗೆಯ ಅಂಚು ಕಚ್ಚಿ ಗಾಯವಾಗಿದ್ದು ಬಟ್ಟೆಯೂ ಒದ್ದೆಯಾಗಿದ್ದರೆ ಫಿಟ್ಸ್ ಅನುಮಾನಿಸಿ. ಆಕ್ಸಿಮೀಟರನ್ನು ನೀವು ಹಾಕಲು ಹೋಗುವ ಬದಲು ಅವರ ಕೈಗೇ ಕೊಟ್ಟು ‘ನೀವೇ ಹಾಕಿಕೊಳ್ಳಿ, ನಂಬರ್ ಎಷ್ಟು ಬರುತ್ತೆ ಹೇಳಿ’ ಅಂದು ನೋಡಿ. ಬೇರೆಯವರು ಮುಟ್ಟುವುದಕ್ಕೆ ಹೆದರುವ ಎಷ್ಟೋ ಜನ ಇದಕ್ಕೆ ಒಪ್ಪುತ್ತಾರೆ.

ಮೈಯ ಕಾಯಿಲೆಯ ಸುಳಿವುಗಳು: 45 ದಾಟಿದ ಮೇಲೆ ಬದುಕಿನಲ್ಲೇ ಮೊದಲ ಬಾರಿಗೆ ಹೀಗಾಗಿರುವುದು, ಗಂಟೆಗಳ ಒಳಗೆ ಶುರುವಾಗಿರುವುದು, ಈಗ ಸರಿ ಇದ್ದವರು ಅರ್ಧ ಗಂಟೆಗೆ ಮಂಕಾಗುವುದು, ದಿನ ಮತ್ತು ಜಾಗದ ಗುರುತು ತಪ್ಪಿರುವುದು, ಕಣ್ಣಿಗೆ ಇಲ್ಲದ್ದು ಕಾಣುವುದು (ಗೋಡೆ ಮೇಲೆ ಹುಳು ಹರಿದಂತೆ). ಸೈಕೋಸಿಸ್‌ನಲ್ಲಿ (ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿ) ಸಾಮಾನ್ಯವಾಗಿ ಎಚ್ಚರ ಸ್ಪಷ್ಟವಾಗಿರುತ್ತದೆ, ಕಾಣುವುದಕ್ಕಿಂತ ಕೇಳಿಸುವುದು ಹೆಚ್ಚು. ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಮೂತ್ರದ ಸೋಂಕು, ನ್ಯುಮೋನಿಯಾ, ಮೂತ್ರ ಕಟ್ಟಿರುವುದು, ಹೊಸದಾಗಿ ಶುರು ಮಾಡಿದ ಮಾತ್ರೆ, ಇಷ್ಟನ್ನಾದರೂ ಕೇಳದೆ ಬಿಡಬೇಡಿ.

ಕೊನೆಯ ಬಾರಿ ಕುಡಿದದ್ದು ಯಾವಾಗ ಅಂತ ಮನೆಯವರನ್ನು ಗಂಟೆ ಲೆಕ್ಕದಲ್ಲಿ ಕೇಳಿ. ಕುಡಿತ ನಿಂತ 6ರಿಂದ 24 ಗಂಟೆಯೊಳಗೆ ನಡುಕ, ಬೆವರು. 6ರಿಂದ 48 ಗಂಟೆಯೊಳಗೆ ಫಿಟ್ಸ್. 48ರಿಂದ 96 ಗಂಟೆಯ ಹೊತ್ತಿಗೆ ಡೆಲಿರಿಯಮ್ ಟ್ರೆಮೆನ್ಸ್ (ತೀವ್ರ ಗೊಂದಲ, ನಡುಕ, ಇಲ್ಲದ್ದು ಕಾಣುವುದು). ಈ ಕೊನೆಯದು ಜೀವ ತೆಗೆಯುತ್ತದೆ, ನೋಡುವವರಿಗೆ ಮಾತ್ರ ‘ಹುಚ್ಚು’ ಅನ್ನಿಸುತ್ತದೆ.

ಇದರ ತಿರುಗುಮುರುಗೂ ಅಷ್ಟೇ ಅಪಾಯ. ಹತ್ತು ವರ್ಷದಿಂದ ಸ್ಕಿಜೋಫ್ರೇನಿಯಾ ಇರುವವರು ‘ಎದೆ ಮೇಲೆ ಯಾರೋ ಕೂತಿದ್ದಾರೆ’ ಅಂದರೆ ಅದನ್ನು ಭ್ರಮೆಯ ಲೆಕ್ಕಕ್ಕೆ ಬರೆಯುವ ಮುನ್ನ ಒಂದು ಇಸಿಜಿ ತೆಗೆಯಿರಿ.

ಎರಡು_ಕೈ_ದೂರ

ಮಾತಿನ ಭಾಗ ನಾನು ಬರೆಯುತ್ತೇನೆ.

ಗಾಡಿ ಹತ್ತಿರವಾಗುತ್ತಿದ್ದಂತೆ ಸೈರನ್ ನಿಲ್ಲಿಸಿ. ಒಳಗೆ ಹೋಗುವ ಮುನ್ನ ಕುತ್ತಿಗೆಯ ಸ್ಟೆತೊಸ್ಕೋಪ್, ಜೇಬಿನ ಕತ್ತರಿ, ಎಳೆದರೆ ಬಿಚ್ಚಿಕೊಳ್ಳದ ಐಡಿ ದಾರ ತೆಗೆದಿಡಿ. ವೈರ್‌ಲೆಸ್ ಸದ್ದು ತಗ್ಗಿಸಿ. ಒಳಗೆ ಟಿವಿ ಇದ್ದರೆ ಆರಿಸಿ, ನೆಂಟರಿಷ್ಟರನ್ನು ಹೊರಗೆ ಕಳಿಸಿ. ಅಡುಗೆಮನೆಯಲ್ಲಿ ನಿಂತು ಮಾತಾಡಬೇಡಿ; ಅಲ್ಲಿ ಕೈಗೆ ಸಿಗುವುದೆಲ್ಲ ಆಯುಧವೇ.

ರೋಗಿಯಿಂದ ಎರಡು ತೋಳಿನಷ್ಟು ದೂರ, ಎದೆಗೆ ಎದೆ ಕೊಟ್ಟು ನಿಲ್ಲದೆ ಸ್ವಲ್ಪ ಓರೆಯಾಗಿ, ಅಂಗೈ ಕಾಣುವಂತೆ ನಿಲ್ಲಿ. ಬಾಗಿಲ ದಾರಿ ನಿಮಗೂ ಇರಬೇಕು, ಅವರಿಗೂ ಇರಬೇಕು. ದಾರಿ ಕಟ್ಟಿದಿರೋ, ಹೆದರಿದವರು ನಿಮ್ಮನ್ನು ತಳ್ಳಿಕೊಂಡೇ ಹೋಗುತ್ತಾರೆ.

ಮಾತು ಒಬ್ಬರದ್ದೇ. ಮೂರು ಜನ ಮೂರು ಕಡೆಯಿಂದ ‘ಕೂತ್ಕೊಳಿ, ಏನೂ ಆಗಲ್ಲ, ಕೈ ಕೊಡಿ’ ಅಂದರೆ, ತಲೆಯೊಳಗೆ ಮೊದಲೇ ಧ್ವನಿಗಳು ತುಂಬಿರುವವರಿಗೆ ಇನ್ನೂ ಮೂರು ಸೇರಿದ ಹಾಗೆ. ಮೊದಲ ಮಾತು ಹೀಗಿರಲಿ: ‘ನನ್ನ ಹೆಸರು ಇಂಥದ್ದು, ಆಂಬುಲೆನ್ಸ್ ನರ್ಸ್. ನಿಮ್ಮನ್ನ ಏನಂತ ಕರೀಲಿ?’ ಬಹುವಚನವನ್ನು ಬಿಡಲೇಬೇಡಿ. ಮನೆಯವರೆಲ್ಲ ‘ನೀನು ನಿಂದು’ ಅಂತ ಗದರಿಸುತ್ತಿರುವ ಕೋಣೆಯಲ್ಲಿ ನಿಮ್ಮ ಒಂದು ‘ನೀವು’ ಬೇರೆಯದೇ ಆಗಿ ಕೇಳಿಸುತ್ತದೆ.

ಒಂದು ಸಲಕ್ಕೆ ಐದಾರು ಪದ, ಆಮೇಲೆ ಕಾಯಿರಿ. ಉತ್ತರ ಬರಲು 10 ಸೆಕೆಂಡ್ ಹಿಡಿಯಬಹುದು. ಆ ಮೌನ ತುಂಬಲು ಹೋಗಿ ಇನ್ನೊಂದು ಪ್ರಶ್ನೆ ಎಸೆಯುವುದೇ ಹೊಸಬರ ದೊಡ್ಡ ತಪ್ಪು. ಅದೇ ಮಾತನ್ನು ಅದೇ ಪದಗಳಲ್ಲಿ ಮತ್ತೆ ಹೇಳಿ.

‘ಬರ್ತೀರಾ?’ ಅಂತ ಕೇಳಿದರೆ ‘ಇಲ್ಲ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ‘ನಡ್ಕೊಂಡು ಬರ್ತೀರಾ, ಗಾಲಿಕುರ್ಚಿ ತರಲಾ?’ ಅಂತ ಕೇಳಿ. ಎರಡೂ ನಿಮಗೆ ಒಪ್ಪಿಗೆಯಾಗುವ ಆಯ್ಕೆಯೇ ಇರಬೇಕು. ಗೆರೆ ಎಳೆಯುವಾಗಲೂ ಅಷ್ಟೇ ನೇರವಾಗಿ: ‘ಕೂಗಿ, ಪರವಾಗಿಲ್ಲ. ಬಾಟಲಿ ಕೆಳಗಿಡಿ.’

ಭ್ರಮೆಯ ಮಾತಿಗೆ ಹೌದು ಅನ್ನುವುದೂ ಬೇಡ, ವಾದವೂ ಬೇಡ. ‘ನನಗೆ ಆ ಧ್ವನಿ ಕೇಳಿಸ್ತಿಲ್ಲ. ನಿಮಗೆ ಕೇಳಿಸ್ತಿದೆ, ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ.’ ಆಮೇಲೆ ಕೇಳಲೇಬೇಕಾದ್ದು: ‘ಏನಾದರೂ ಮಾಡು ಅಂತ ಹೇಳ್ತಾ ಇದೆಯಾ?’ ತನ್ನನ್ನೋ ಇನ್ನೊಬ್ಬರನ್ನೋ ಘಾಸಿಗೊಳಿಸು ಅಂತ ಅಪ್ಪಣೆ ಬರುತ್ತಿದ್ದರೆ ಅಪಾಯದ ಮಟ್ಟವೇ ಬೇರೆ.

ಮಾತು ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ‘ಸಮಾಧಾನ ಮಾಡ್ಕೊಳ್ಳಿ’ ಅನ್ನುವುದು ಒಂದು (ಹಾಗಂದರೆ ಯಾರಾದರೂ ಸಮಾಧಾನ ಆಗಿದ್ದುಂಟೇ?). ಮೂಲೆಯಲ್ಲಿ ನಿಂತು ಮನೆಯವರ ಜೊತೆ ಪಿಸುಗುಟ್ಟುವುದು ಎರಡು. ಅನುಮಾನದ ಕಾಯಿಲೆ ಇರುವವರಿಗೆ ಅದು ಸಂಚಿನ ಸಾಕ್ಷಿಯೇ. ‘ಇಲ್ಲೇ ಹೋಗಿ ಬರೋಣ’ ಅನ್ನುವ ಸುಳ್ಳು ಮೂರನೆಯದು. ಇವತ್ತು ಗಾಡಿ ಹತ್ತುತ್ತಾರೆ, ಮುಂದಿನ ಸಲ ಸಮವಸ್ತ್ರ ಕಂಡರೇ ಓಡುತ್ತಾರೆ.

ದವಡೆ ಬಿಗಿಯುವುದು, ಮುಷ್ಟಿ ಕಟ್ಟುವುದು, ಹಿಂದೆ ಮುಂದೆ ಓಡಾಟ ಹೆಚ್ಚುವುದು, ಕೂಗುತ್ತಿದ್ದವರು ತಟ್ಟನೆ ಮೌನವಾಗಿ ದಿಟ್ಟಿಸುವುದು ಕಂಡರೆ ಹಿಂದೆ ಸರಿಯಿರಿ. ಕೈಯಲ್ಲಿ ಆಯುಧ ಇದ್ದರೆ ಹೊರಗೆ ಬನ್ನಿ, ಪೊಲೀಸರನ್ನು ಕರೆಸಿ. ಅಲ್ಲಿ ಶೌರ್ಯ ತೋರಿಸುವ ಕೆಲಸ ನಮ್ಮದಲ್ಲ.

ಎಣಿಸಿ_ತನ್ನಿ

ಆತ್ಮಹತ್ಯೆಯ ಯೋಚನೆ ಇರುವ ರೋಗಿಗಳ ಬಗ್ಗೆ ಯಾರೂ ಹೇಳಲಿಲ್ಲ. ಅವರು ಕೂಗುವುದಿಲ್ಲ, ಹೊಡೆಯುವುದಿಲ್ಲ. ಅದಕ್ಕೇ ನಮ್ಮ ಗಮನ ತಪ್ಪುತ್ತದೆ.

ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ? ಜೀವ ತೆಗೆದುಕೊಳ್ಳೋ ಯೋಚನೆ ಬಂದಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ? ಹಿಂದೆ ಪ್ರಯತ್ನ ಮಾಡಿದ್ದೀರಾ?’ ಕೇಳಿದರೆ ಯೋಚನೆ ತಲೆಗೆ ಹೊಕ್ಕೀತು ಅನ್ನುವುದು ತಪ್ಪು ನಂಬಿಕೆ. ಸುತ್ತಿ ಬಳಸಿ ‘ಅಂಥಾದ್ದೇನೂ ಇಲ್ಲ ತಾನೇ?’ ಅಂದರೆ ‘ಇಲ್ಲ’ ಅನ್ನುವ ಉತ್ತರವನ್ನು ನೀವೇ ಕೈಗಿಟ್ಟ ಹಾಗೆ.

ಹೊರಡುವ ಮುನ್ನ ಬಟ್ಟೆ ಬದಲಿಸುತ್ತೇನೆ, ಬಚ್ಚಲಿಗೆ ಹೋಗಿಬರುತ್ತೇನೆ ಅಂದರೆ ಒಬ್ಬರು ಜೊತೆಗೆ ಹೋಗಬೇಕು, ಚಿಲಕ ಹಾಕಿಕೊಳ್ಳಬಾರದು. ಚೀಲ, ಜೇಬು ಇವನ್ನು ಹೇಳಿ, ಕೇಳಿ, ಅವರ ಎದುರಿಗೇ ನೋಡಿ.

ಮಾತ್ರೆ ನುಂಗಿದ್ದಾರೆ ಅಂದರೆ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ತನ್ನಿ, ಕಸದ ಬುಟ್ಟಿಯಲ್ಲಿರುವುದನ್ನೂ ಬಿಡಬೇಡಿ. ಎಷ್ಟು ಖಾಲಿ, ಎಷ್ಟು ಉಳಿದಿದೆ, ಎಷ್ಟು ಗಂಟೆಗೆ ನುಂಗಿದ್ದು ಬರೆದುಕೊಳ್ಳಿ. ವಾಂತಿ ಮಾಡಿಸಬೇಡಿ. ಪ್ಯಾರಾಸಿಟಮಾಲ್ ನುಂಗಿದವರು ಮೊದಲ 24 ಗಂಟೆ ಆರಾಮಾಗಿಯೇ ಕಾಣಬಹುದು, ‘ಏನೂ ಆಗಿಲ್ಲ, ಬರಲ್ಲ’ ಅನ್ನಬಹುದು. ರಕ್ತದ ಮಟ್ಟ ನೋಡುವುದು 4 ಗಂಟೆಯ ನಂತರ, ಅದರ ಪ್ರತಿಮದ್ದು ಎನ್-ಅಸಿಟೈಲ್ ಸಿಸ್ಟೀನ್ ಅತಿ ಚೆನ್ನಾಗಿ ಕೆಲಸ ಮಾಡುವುದು 8 ಗಂಟೆಯೊಳಗೆ. ಹಾಗಾಗಿ ನುಂಗಿದ ಹೊತ್ತು ತಪ್ಪಾಗಿ ಬರೆದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಖಿನ್ನತೆಯ ಮಾತ್ರೆ ಆದರೆ ಮಾನಿಟರ್ ಹಚ್ಚಿ. ಕ್ಯೂಆರ್‌ಎಸ್ (ಇಸಿಜಿಯ ಚೂಪಾದ ಅಲೆ) ಅಗಲ 100 ಮಿಲಿಸೆಕೆಂಡ್ ದಾಟಿದರೆ ಫಿಟ್ಸ್, ಹೃದಯದ ತಾಳ ತಪ್ಪುವುದು ಮುಂದೆ ಕಾದಿರಬಹುದು. ಸೋಡಿಯಂ ಬೈಕಾರ್ಬನೇಟ್ ಬೇಕಾಗುತ್ತದೆ ಅಂತ ಆಸ್ಪತ್ರೆಗೆ ಮೊದಲೇ ತಿಳಿಸಿ. ಕುತ್ತಿಗೆಗೆ ನೇಣು ಬಿದ್ದವರು ಚೆನ್ನಾಗಿ ಮಾತಾಡುತ್ತಿದ್ದರೂ ಬಿಟ್ಟು ಬರುವಂತಿಲ್ಲ, ಗಂಟಲ ಊತ ತಡವಾಗಿ ಏರುತ್ತದೆ.

ಸ್ಟ್ರೆಚರ್_ಪಕ್ಕ

ಬಹಳ ಉಪಯೋಗ ಆಯಿತು, ಎಲ್ಲರಿಗೂ ವಂದನೆ. ಕಟ್ಟುವ ವಿಷಯ ಇನ್ನೂ ಉಳಿದಿದೆ. ಮುಖ ಕೆಳಗೆ ಮಾಡಿ ಮಲಗಿಸಿದರೆ ಕಚ್ಚುವುದಿಲ್ಲ, ಉಗುಳುವುದಿಲ್ಲ ಅಂತ ವಾದಿಸುವವರು ಇದ್ದಾರೆ. ಅವರಿಗೆ ಏನು ಹೇಳಲಿ?

ನಾಲ್ಕು_ಪಟ್ಟಿ

ಸಾಯುತ್ತಾರೆ ಅಂತ ಹೇಳಿ.

ಬಿಡಿಸಿ ಹೇಳುವುದಾದರೆ: ಜೋರಾಗಿ ಒದ್ದಾಡಿದವರ ರಕ್ತದಲ್ಲಿ ಆಮ್ಲ ಏರಿರುತ್ತದೆ, ಅದನ್ನು ಉಸಿರಿನ ಮೂಲಕ ಹೊರಹಾಕಲು ಅವರು ದೊಡ್ಡ ದೊಡ್ಡ ಉಸಿರು ತೆಗೆಯಲೇಬೇಕು. ಹೊಟ್ಟೆ ಕೆಳಗಾಗಿ, ಬೆನ್ನ ಮೇಲೆ ಯಾರದೋ ಮಂಡಿ ಇದ್ದರೆ ಪಕ್ಕೆಲುಬು ಏಳುವುದಿಲ್ಲ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಿನ ಸ್ನಾಯು) ಇಳಿಯುವುದಿಲ್ಲ. ಉಸಿರು ಸಿಗದೆ ಇನ್ನೂ ಒದ್ದಾಡುತ್ತಾರೆ. ಹಿಡಿದವರು ಅದನ್ನು ಹಟ ಅಂದುಕೊಂಡು ಇನ್ನೂ ಅದುಮುತ್ತಾರೆ. ‘ಉಸಿರಾಡಕ್ಕಾಗ್ತಿಲ್ಲ’ ಅಂದರೆ ‘ಮಾತಾಡ್ತಿದಾನಲ್ಲ, ಉಸಿರಿದೆ’ ಅನ್ನುವ ತರ್ಕ ಶುದ್ಧ ತಪ್ಪು. ನಾಲ್ಕು ಪದ ಆಡಲು ಬೇಕಾದ ಗಾಳಿ ಬಹಳ ಕಡಿಮೆ. ಒದ್ದಾಡುತ್ತಿದ್ದವರು ತಟ್ಟನೆ ಸುಮ್ಮನಾದರೆ ‘ಅಬ್ಬ’ ಅನ್ನುವ ಮುಂಚೆ ಉಸಿರು ಮತ್ತು ಕತ್ತಿನ ನಾಡಿ ನೋಡಿ.

ಕಟ್ಟುವುದು ತಕ್ಷಣದ ಅಪಾಯ ಇದ್ದಾಗ, ಮಾತು ಸೋತಾಗ, ಇನ್ನೊಂದು ದಾರಿ ಇಲ್ಲದಾಗ ಮಾತ್ರ. ಬೈದರು, ಉಗುಳಿದರು, ನಮಗೆ ತಡವಾಗುತ್ತಿದೆ ಎಂಬುದು ಕಾರಣವಾಗದು. ಐದು ಜನ ಬೇಕು: ನಾಲ್ಕು ಕೈಕಾಲಿಗೆ ನಾಲ್ವರು, ತಲೆಯ ಬಳಿ ಒಬ್ಬರು. ತಲೆಯ ಬಳಿ ಇರುವವರು ನರ್ಸ್ ಆಗಿರಲಿ. ಅವರು ಹಿಡಿಯುವುದು ಕಡಿಮೆ, ನೋಡುವುದು ಮತ್ತು ಮಾತಾಡುವುದು ಹೆಚ್ಚು. ಇಬ್ಬರೇ ಇದ್ದರೆ ಶುರು ಮಾಡಬೇಡಿ, ಜನ ಬರುವವರೆಗೆ ದೂರ ನಿಂತು ಕಾಯಿರಿ.

ಅಂಗಾತ ಮಲಗಿಸಿ, ತಲೆಯ ಕಡೆ 30 ಡಿಗ್ರಿ ಎತ್ತಿ. ಒಂದು ಕೈ ತಲೆಯ ಪಕ್ಕಕ್ಕೆ ಮೇಲೆ, ಇನ್ನೊಂದು ಸೊಂಟದ ಪಕ್ಕಕ್ಕೆ ಕೆಳಗೆ; ಹೀಗಿದ್ದರೆ ಮೈಯ ಬಲವನ್ನೆಲ್ಲ ಒಟ್ಟುಗೂಡಿಸಿ ಏಳಲು ಆಗುವುದಿಲ್ಲ. ಪಟ್ಟಿ ಮೆತ್ತಗಿರಬೇಕು, ಅಗಲವಾಗಿರಬೇಕು, ಒಳಗೆ ಎರಡು ಬೆರಳು ತೂರಬೇಕು. ಕಟ್ಟುವುದು ಸ್ಟ್ರೆಚರ್‌ನ ಅಲುಗದ ಚೌಕಟ್ಟಿಗೆ. ಪಕ್ಕದ ಕಂಬಿಗೆ ಕಟ್ಟಿದರೆ, ಯಾರೋ ಕಂಬಿ ಇಳಿಸಿದಾಗ ತೋಳು ಉಳುಕುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು. ಎದೆಯ ಬೆಲ್ಟ್ ಉಸಿರಿಗೆ ಅಡ್ಡಿಯಾಗದಷ್ಟು ಸಡಿಲ. 15 ನಿಮಿಷಕ್ಕೊಮ್ಮೆ ನಾಲ್ಕೂ ಕಡೆ ಬಣ್ಣ, ಬಿಸಿ, ನಾಡಿ, ಬೆರಳಾಡುತ್ತವೆಯೇ ನೋಡಿ ಬರೆಯಿರಿ. ಉಗುಳಿದರೆ ಸಾಧಾರಣ ಸರ್ಜಿಕಲ್ ಮಾಸ್ಕ್ ಸಾಕು, ವಾಂತಿಯಾದರೆ ತಕ್ಷಣ ಕಿತ್ತುಹಾಕುವಂತಿರಲಿ. ಟವೆಲ್‌ನಿಂದ ಮುಖ ಮುಚ್ಚುವುದು ಎಂದೂ ಕೂಡದು. ಗರ್ಭಿಣಿಯಾದರೆ ಎಡಕ್ಕೆ ಓರೆ. ಪೊಲೀಸರು ಕೋಳ ಹಾಕಿದ್ದರೆ ಬೀಗದ ಕೈ ಇರುವವರು ಗಾಡಿಯಲ್ಲೇ ಬರಬೇಕು.

ಕಟ್ಟಿ ಸುಮ್ಮನೆ ಬಿಟ್ಟರೆ ಪಟ್ಟಿಯ ವಿರುದ್ಧ ಒದ್ದಾಡಿ ಮತ್ತದೇ ಆಮ್ಲ ಏರುತ್ತದೆ, ಅದಕ್ಕೇ ಇಂಜೆಕ್ಷನ್. ವೈದ್ಯರ ಆದೇಶದ ಮೇಲೆ ಮಂಪರು ತರಿಸುವ ಮಿಡಾಜೋಲಮ್ 5 ಮಿ.ಗ್ರಾಂ. ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ. 10ರಿಂದ 15 ನಿಮಿಷದಲ್ಲಿ ಹಿಡಿಯುತ್ತದೆ, ಒಂದೆರಡು ಗಂಟೆ ಇರುತ್ತದೆ. ಆಂಪ್ಯೂಲ್ ಓದಿ: 1 ಮಿ.ಲೀ.ಗೆ 1 ಮಿ.ಗ್ರಾಂ. ಇರುವುದೂ ಬರುತ್ತದೆ, 5 ಇರುವುದೂ ಬರುತ್ತದೆ. ಸ್ನಾಯುವಿಗೆ ಬೇಕಾದ್ದು ಗಟ್ಟಿಯದ್ದು. ತೆಳುವಿನದಾದರೆ 5 ಮಿ.ಲೀ. ಚುಚ್ಚಬೇಕಾಗುತ್ತದೆ. ಗಟ್ಟಿಯದ್ದನ್ನೇ ತೆಳು ಅಂದುಕೊಂಡು 5 ಮಿ.ಲೀ. ಎಳೆದರೆ 25 ಮಿ.ಗ್ರಾಂ.! ಡಯಾಜೆಪಾಮ್ ಸ್ನಾಯುವಿಗೆ ಬೇಡ, ಹೀರುವಿಕೆ ನೆಚ್ಚುವಂತಿಲ್ಲ. ಇನ್ನೊಂದು ದಾರಿ ಸೈಕೋಸಿಸ್‌ಗೆ ಕೊಡುವ ಹ್ಯಾಲೋಪೆರಿಡಾಲ್ 5 ಮಿ.ಗ್ರಾಂ. ಜೊತೆ ಪ್ರೊಮೆಥಜಿನ್ 25ರಿಂದ 50 ಮಿ.ಗ್ರಾಂ.; ಇದಕ್ಕೆ ಹೆಚ್ಚುಕಡಿಮೆ 20ರಿಂದ 30 ನಿಮಿಷ.

ಅನಾಹುತ ಆಗುವುದು ಎರಡನೇ ಡೋಸಿನಲ್ಲಿ. ಐದು ನಿಮಿಷಕ್ಕೆ ‘ಇನ್ನೂ ಹಿಡೀಲಿಲ್ಲ’ ಅಂತ ಮತ್ತೆ ಚುಚ್ಚುತ್ತಾರೆ, 20ನೇ ನಿಮಿಷಕ್ಕೆ ಎರಡೂ ಒಟ್ಟಿಗೆ ಹಿಡಿದು ಉಸಿರು ನಿಲ್ಲುತ್ತದೆ. ಸೂಜಿ ತೆಗೆಯುವ ಮುಂಚೆಯೇ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಆಕ್ಸಿಜನ್, ಸಕ್ಷನ್ ಕೈಗೆಟುಕುವಲ್ಲಿರಲಿ. ಕೊಟ್ಟ ಮೇಲೆ ಆಕ್ಸಿಮೀಟರ್ ತೆಗೆಯುವಂತಿಲ್ಲ. 5 ನಿಮಿಷಕ್ಕೊಮ್ಮೆ ಉಸಿರಿನ ಎಣಿಕೆ, ಎಚ್ಚರದ ಮಟ್ಟ, ಬಿಪಿ. ಕ್ಯಾಪ್ನೋಗ್ರಫಿ (ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವುದು) ಇದ್ದರೆ ಹಚ್ಚಿ, ಆಕ್ಸಿಜನ್ ಕೊಟ್ಟಾಗ ಉಸಿರು ಕುಗ್ಗಿದ್ದು ಆಕ್ಸಿಮೀಟರ್‌ನಲ್ಲಿ ತಡವಾಗಿ ಕಾಣುತ್ತದೆ. ಶಾಂತರಾದ ಮೇಲೆ ಪಟ್ಟಿಗಳನ್ನು ಒಂದೊಂದಾಗಿ ಸಡಿಲಿಸಿ.

ಮಾತ್ರೆ_ಚೀಟಿ

ನಾಲ್ಕು_ಪಟ್ಟಿ ಹೇಳಿದ ಮಿಡಾಜೋಲಮ್ 5 ಮಿ.ಗ್ರಾಂ. ಆರೋಗ್ಯವಂತ ವಯಸ್ಕರ ಲೆಕ್ಕ. ವಯಸ್ಸಾದವರಿಗೆ, ಬಡಕಲು ಮೈಯವರಿಗೆ, ಕುಡಿದಿರುವವರಿಗೆ ಅರ್ಧ ಅಥವಾ ಇನ್ನೂ ಕಡಿಮೆ. ಮದ್ಯದ ಮೇಲೆ ಮಿಡಾಜೋಲಮ್ ಬಿದ್ದರೆ ಉಸಿರು ಕುಗ್ಗುವುದು ಇನ್ನೂ ಬೇಗ. ಓಲಾಂಜಪಿನ್ (ಇದೂ ಸೈಕೋಸಿಸ್‌ನ ಮದ್ದು) ಇಂಜೆಕ್ಷನ್ ಕೊಟ್ಟಿದ್ದರೆ ಅದರ ಬೆನ್ನಿಗೇ ಮಿಡಾಜೋಲಮ್, ಲೊರಾಜೆಪಾಮ್ ಇಂಜೆಕ್ಷನ್ ಕೊಡಬಾರದು. ಲೊರಾಜೆಪಾಮ್ ಆಂಪ್ಯೂಲ್ 2ರಿಂದ 8 ಡಿಗ್ರಿಯಲ್ಲಿ ಇಡುವಂಥದ್ದು; ಗಾಡಿಯಲ್ಲಿ ಫ್ರಿಜ್ ಇಲ್ಲದಿದ್ದರೆ ದಿನಾಂಕ ನೋಡಿ ಬದಲಿಸುತ್ತಿರಿ.

ಹ್ಯಾಲೋಪೆರಿಡಾಲ್ ನಂತರ, ಕೆಲವೊಮ್ಮೆ ಮರುದಿನ, ಕತ್ತು ಒಂದು ಕಡೆ ತಿರುಚಿ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿ, ನಾಲಿಗೆ ಹೊರಗೆ ಚಾಚಿದರೆ ಅದು ಡಿಸ್ಟೋನಿಯಾ. ಯುವಕರಲ್ಲಿ ಹೆಚ್ಚು. ‘ನಾಟಕ’ ಅಂತ ಬರೆದುಬಿಡುವವರಿದ್ದಾರೆ. ಪ್ರೊಮೆಥಜಿನ್ ಕೊಟ್ಟರೆ ನಿಮಿಷಗಳಲ್ಲಿ ಸಡಿಲವಾಗುತ್ತದೆ. ಗಂಟಲ ಸ್ನಾಯು ಹಿಡಿದರೆ ಉಸಿರಿಗೇ ಕುತ್ತು.

ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಜ್ವರ ಇದ್ದರೆ ಚೀಟಿ ಓದಿ. ಸೈಕೋಸಿಸ್ ಮಾತ್ರೆ ಶುರು ಮಾಡಿ ಅಥವಾ ಡೋಸ್ ಏರಿಸಿ ಕೆಲವು ದಿನಗಳಾಗಿದ್ದು, ಮೈ ಕೊರಡಿನಂತೆ ಬಿಗಿದು, ಜ್ವರ, ಬೆವರು, ಮಂಕು ಇದ್ದರೆ ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್. ಅಂಥವರಿಗೆ ಹ್ಯಾಲೋಪೆರಿಡಾಲ್ ಕೊಟ್ಟರೆ ಬೆಂಕಿಗೆ ತುಪ್ಪ. ಖಿನ್ನತೆಯ ಮಾತ್ರೆ ಹೊಸದಾಗಿ ಸೇರಿಸಿ 24 ಗಂಟೆಯೊಳಗೆ ನಡುಕ, ಭೇದಿ, ಪಾದವನ್ನು ಮೇಲಕ್ಕೆ ತಟ್ಟನೆ ಒತ್ತಿ ಹಿಡಿದಾಗ ಪಟಪಟ ಬಡಿದುಕೊಳ್ಳುವುದು ಕಂಡರೆ ಸೆರೊಟೋನಿನ್ ಸಿಂಡ್ರೋಮ್. ಸೈಕೋಸಿಸ್‌ಗೆ ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಗಂಟಲುನೋವು, ಜ್ವರ ಬಂದರೆ ಬಿಳಿರಕ್ತಕಣ ಕುಸಿದಿರಬಹುದು, ಅದೂ ತುರ್ತೇ. ಮನಸ್ಥಿತಿಯ ಏರಿಳಿತಕ್ಕೆ ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾಗಿ ಕೈ ದಪ್ಪಗೆ ನಡುಗುತ್ತಿದ್ದು ನಡಿಗೆ ತೂರಾಡಿದರೆ ಮಟ್ಟ ಏರಿದೆ ಅಂತಲೇ ಇಟ್ಟುಕೊಳ್ಳಿ. ಐಬುಪ್ರೊಫೆನ್‌ನಂಥ ಅಂಗಡಿಯ ನೋವಿನ ಮಾತ್ರೆ ನುಂಗಿದರೂ ಲಿಥಿಯಂ ಏರಬಹುದು.

ಮಾತಿಲ್ಲದೆ, ಅಲುಗದೆ, ಕೈ ಎತ್ತಿದರೆ ಎತ್ತಿದಲ್ಲೇ ನಿಲ್ಲುವವರನ್ನೂ ಟಿಪ್ಪಣಿಗೆ ಸೇರಿಸಿ. ಕ್ಯಾಟಟೋನಿಯಾದಲ್ಲಿ ಅವರಿಗೆ ಎಲ್ಲವೂ ಕೇಳಿಸುತ್ತಿರಬಹುದು. ಅವರ ಎದುರಿಗೆ ನಗೆ, ಟೀಕೆ ಬೇಡ; ನೀರು ಕುಡಿದು ಎಷ್ಟು ದಿನವಾಯಿತು, ಕಾಲು ಊದಿದೆಯೇ ನೋಡಿ.

ಕೊನೆ_ಬಾಗಿಲು

ಗಾಡಿಯೊಳಗಿನದ್ದು ನಾನು ಮುಗಿಸುತ್ತೇನೆ. ರೋಗಿ ಹತ್ತುವ ಮುನ್ನ ಕತ್ತರಿ, ಸೂಜಿ ಡಬ್ಬ, ಸಿಲಿಂಡರ್ ಚಾವಿ, ತೂಗುವ ಆಕ್ಸಿಜನ್ ಕೊಳವೆ ಎಲ್ಲ ಕಪಾಟಿಗೆ. ಕೂರಬಲ್ಲವರನ್ನು ಕೂರಿಸಿಯೇ ಕರೆದೊಯ್ಯಿರಿ. ಸ್ಟ್ರೆಚರ್ ಬೆಲ್ಟ್ ಎಲ್ಲ ರೋಗಿಗಳಿಗೂ ಹಾಕುವಂಥದ್ದು ಅಂತ ಹೇಳಿ ಹಾಕಿ, ಇಲ್ಲವಾದರೆ ಕಟ್ಟಿದರು ಅಂದುಕೊಳ್ಳುತ್ತಾರೆ. ನರ್ಸ್ ಕೂರುವುದು ರೋಗಿಯ ತಲೆಯ ಕಡೆ, ಸ್ವಲ್ಪ ಹಿಂದಕ್ಕೆ, ಕಾಲೇಟು ಸಿಗದ ಕಡೆ; ನಿಮಗೂ ಬಾಗಿಲಿಗೂ ನಡುವೆ ರೋಗಿ ಇರಕೂಡದು. ಚಾಲಕರಿಗೆ ಕೇಳಿಸುವ ಒಂದು ಗುಪ್ತ ಪದ ಮೊದಲೇ ಗೊತ್ತು ಮಾಡಿಕೊಳ್ಳಿ: ಅದು ಕೇಳಿದರೆ ಗಾಡಿ ಪಕ್ಕಕ್ಕೆ. ಓಡುವ ಗಾಡಿಯ ಬಾಗಿಲಿನ ಕಡೆ ರೋಗಿ ಎದ್ದರೆ ಹಿಡಿದು ಎಳೆದಾಡುವುದಕ್ಕಿಂತ ಗಾಡಿ ನಿಲ್ಲಿಸುವುದು ಮೊದಲು.

ಮನೆಯವರಲ್ಲಿ ಯಾರು ಬರಬೇಕು ಅಂತ ರೋಗಿಯನ್ನೇ ಕೇಳಿ. ಅವರು ಬೈಯುತ್ತಿರುವ ವ್ಯಕ್ತಿ ಮುಂದಿನ ಸೀಟಿನಲ್ಲಿ, ಅಥವಾ ಬೇರೆ ಗಾಡಿಯಲ್ಲಿ.

ಬರುವುದಿಲ್ಲ ಅಂತ ಹಟ ಹಿಡಿದರೆ ನಾಲ್ಕು ನೋಡಿ: ಹೇಳಿದ್ದು ಅರ್ಥವಾಯಿತೇ, ನೆನಪಿನಲ್ಲಿ ಉಳಿಯಿತೇ, ಹೋದರೆ ಏನು, ಬಿಟ್ಟರೆ ಏನು ಅಂತ ತೂಗಬಲ್ಲರೇ, ತೀರ್ಮಾನ ತಿಳಿಸಬಲ್ಲರೇ. ನಾಲ್ಕೂ ಇದ್ದರೆ, ಕಾಯಿಲೆ ಇದ್ದ ಮಾತ್ರಕ್ಕೆ ಅವರ ‘ಬೇಡ’ ಅನ್ನುವುದು ರದ್ದಾಗದು. ಒಂದು ತಪ್ಪಿದರೂ ವೈದ್ಯರಿಗೆ ಫೋನ್, ಅವರ ಮಾತು ಮತ್ತು ಹೊತ್ತು ದಾಖಲೆಗೆ.

ಹಸ್ತಾಂತರದ ಹಾಳೆಯಲ್ಲಿ ‘ಆಕ್ರಮಣಕಾರಿ’ ಅಂತ ಒಂದೇ ಪದ ಬರೆದರೆ, ಆ ಪದ ರೋಗಿಯ ಬೆನ್ನಿಗೆ ವಾರ್ಡಿನವರೆಗೂ ಅಂಟಿ ಹೋಗುತ್ತದೆ. ‘ಬಾಗಿಲು ಎರಡು ಬಾರಿ ಒದ್ದರು, ಯಾರಿಗೂ ಹೊಡೆದಿಲ್ಲ, ಒಬ್ಬರೇ ಮಾತಾಡಿದಾಗ ಕೂತರು’ ಅಂತ ಬರೆಯಿರಿ. ಮುಂದಿನವರಿಗೆ ಹೇಗೆ ಮಾತಾಡಿಸಬೇಕು ಅನ್ನುವುದೂ ಅದರಲ್ಲೇ ಸಿಗುತ್ತದೆ. ರೋಗಿ ಆಡಿದ ಮಾತು ಅವರದೇ ಪದಗಳಲ್ಲಿ, ಉದ್ಧರಣ ಚಿಹ್ನೆಯೊಳಗೆ. ಶುಗರ್, ಜ್ವರ, ಆಕ್ಸಿಜನ್, ಬಿಪಿ ನೋಡಲು ಆಗಲಿಲ್ಲವಾದರೆ ಆ ಜಾಗ ಖಾಲಿ ಬಿಡದೆ ‘ನೋಡಲು ಬಿಡಲಿಲ್ಲ’ ಅಂತಲೇ ಬರೆಯಿರಿ. ಖಾಲಿ ಇದ್ದರೆ ಎಲ್ಲ ಸರಿ ಇತ್ತು ಅಂತ ಓದಿಕೊಳ್ಳುತ್ತಾರೆ. ಇಂಜೆಕ್ಷನ್ ಕೊಟ್ಟಿದ್ದರೆ ಹೆಸರು, ಡೋಸ್, ಯಾವ ತೊಡೆ, ಎಷ್ಟು ಗಂಟೆ ಎಷ್ಟು ನಿಮಿಷ. ಇದನ್ನು ಹಾಳೆಯಲ್ಲಿ ಬರೆದು ಬಾಯಲ್ಲೂ ಹೇಳಿ. ತುರ್ತು ವಿಭಾಗದವರು ಮತ್ತೊಂದು ಡೋಸ್ ಎಳೆಯುವ ಮುನ್ನ ಹುಡುಕುವುದು ಆ ಸಾಲನ್ನೇ.